ಗೋದಾಮಿನಕ್ಕ ಹಾಕದ ಸಹಿ

ಹಾಸಿಗೆ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷ ಲೆಕ್ಕ ಬರೆದವಳು ನಾನು. ಅದರಲ್ಲಿ ಹದಿನಾರು ವರ್ಷದ ಪುಸ್ತಕಗಳನ್ನು ಯಾರು ಬೇಕಾದರೂ ಮಗುಚಿ ನೋಡಬಹುದು. ಉಳಿದ ಮೂರು ವರ್ಷದವನ್ನು ಆಗಲೇ ನೋಡಿದ್ದಾರೆ. ಬ್ಯಾಂಕಿನವರು ನೋಡಿದ್ದಾರೆ, ವಿಚಾರಣಾ ಮಂಡಳಿಯವರು ನೋಡಿದ್ದಾರೆ, ಪತ್ರಿಕೆಯ ಆರನೇ ಪುಟದಲ್ಲಿ ಎರಡು ಕಾಲಂ ಸುದ್ದಿಯೂ ಬಂದಿತ್ತು. ಆ ಸುದ್ದಿಯಲ್ಲಿ ನಾನಿದ್ದೆ, ಕಾರ್ಖಾನೆಯ ಯಜಮಾನರಿದ್ದರು, ಮಾರಾಟದ ಮುಖ್ಯಸ್ಥನಿದ್ದ. ಗೋದಾಮಿನಕ್ಕ ಇರಲಿಲ್ಲ. ಅವರನ್ನು ಬಿಟ್ಟರೆ ಆ ಕತೆ ಅರ್ಧವೇ. ಅದಕ್ಕೇ ಹೇಳಲು ಕೂತಿದ್ದೇನೆ.

ನಮ್ಮದು ಅಂಥ ದೊಡ್ಡ ಕಂಪನಿಯೇನಲ್ಲ. ನೂರ ನಲವತ್ತು ಜನ. ಮುಂದೆ ಎರಡಂತಸ್ತಿನ ಆಫೀಸು, ಅದರ ಹಿಂದೆ ಫೋಮ್ ಕತ್ತರಿಸುವ ಶೆಡ್ಡು, ಆಮೇಲೆ ಹೊಲಿಗೆಯ ಸಾಲು, ಕೊನೆಯಲ್ಲಿ ತಗಡಿನ ಮಾಡಿನ ಗೋದಾಮು. ಫೋಮಿನ ಹಳದಿ ಪುಡಿ ಎಲ್ಲರ ತಲೆಗೂದಲಲ್ಲಿ, ಹುಬ್ಬಿನಲ್ಲಿ, ಊಟದ ಡಬ್ಬಿಯ ಮುಚ್ಚಳದಲ್ಲಿ. ಸಂಜೆ ಬಸ್ಸಿನಲ್ಲಿ ನಮ್ಮವರನ್ನು ಗುರುತು ಹಿಡಿಯಲು ಬೇರೆ ಬ್ಯಾಡ್ಜು ಬೇಕಿರಲಿಲ್ಲ.

ಯಜಮಾನರು ಇನ್ನೊಬ್ಬರ ಅಂಗಡಿಯ ಜಗಲಿಯ ಮೇಲೆ ಹಳೆ ಹಾಸಿಗೆ ರಿಪೇರಿ ಮಾಡುತ್ತ ಬದುಕು ಶುರು ಮಾಡಿದವರು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳು ಅರವತ್ತು ದಾಟಿದ ಮೇಲೂ ಇದ್ದವು. ಒಳ್ಳೆಯ ಮನುಷ್ಯ. ಯಾರ ಮನೆಯಲ್ಲಿ ಕಾಯಿಲೆ ಎಂದರೂ ಮೊದಲು ಕೈ ಬಿಚ್ಚುತ್ತಿದ್ದವರು. ಸುಳ್ಳು ಬರೆಯಿರಿ ಎಂದು ಅವರು ಯಾರಿಗೂ ಯಾವತ್ತೂ ಹೇಳಲಿಲ್ಲ. ಈ ಮಾತನ್ನು ನಾನು ವಿಚಾರಣೆಯಲ್ಲೂ ಹೇಳಿದ್ದೇನೆ. ಆದರೆ ಅವರ ಕೋಣೆಯಲ್ಲಿ ನಿಜ ಹೇಳುವುದು ಕಷ್ಟವಿತ್ತು.

ಒಂದು ಸಭೆ ನನಗೆ ನೆನಪಿದೆ. ಖರೀದಿ ವಿಭಾಗದ ಹಿರಿಯರು, ಕಾರ್ಖಾನೆ ಶುರುವಾದಂದಿನಿಂದ ಇದ್ದವರು, ಹೇಳಿದರು: "ಸಾರ್, ಈ ವರ್ಷ ಇಷ್ಟೊಂದು ಹಾಸಿಗೆ ಹೋಗಲ್ಲ. ಹತ್ತರಲ್ಲಿ ಏಳು ಹೋದ್ರೆ ನಮ್ಮ ಪುಣ್ಯ."

ಯಜಮಾನರು ಮೇಜು ಗುದ್ದಿದ ರಭಸಕ್ಕೆ ನನ್ನ ಮುಂದಿದ್ದ ಲೋಟ ಉರುಳಿ ನೀರು ಮಡಿಲಿಗೆ ಬಿತ್ತು. "ಆಗಲ್ಲ ಅನ್ನೋರಿಗೆ ಇಲ್ಲಿ ಕುರ್ಚಿ ಯಾಕೆ?"

ಮುಂದಿನ ತಿಂಗಳು ಆ ಹಿರಿಯರು ಇರಲಿಲ್ಲ. ಅವರ ಕುರ್ಚಿಯೂ ಇರಲಿಲ್ಲ. ಅದನ್ನು ತೆಗೆದು ಹೊರಗಿನಿಂದ ಬಂದವರು ಕೂರುವ ಜಾಗದಲ್ಲಿ ಹಾಕಿದ್ದರು. ನಾವೆಲ್ಲ ದಿನಾ ಅದರ ಪಕ್ಕದಲ್ಲೇ ಹಾದು ಒಳಗೆ ಹೋಗಬೇಕಿತ್ತು.

ಅದೇ ಸಭೆಯಲ್ಲಿ ಮಾರಾಟ ವಿಭಾಗದ ಒಬ್ಬ ಎದ್ದು ನಿಂತು "ಆಗತ್ತೆ ಸಾರ್" ಎಂದಿದ್ದ. ವರ್ಷದೊಳಗೆ ಅವನೇ ಮಾರಾಟದ ಮುಖ್ಯಸ್ಥನಾದ. ಏನು ಕೇಳಿದರೂ ಅವನದು ಅದೇ ಉತ್ತರ. ಕಾರ್ಖಾನೆಯವರು ಅವನಿಗೆ "ಆಗತ್ತೆ ಸಾರ್" ಎಂದೇ ಹೆಸರಿಟ್ಟುಬಿಟ್ಟರು. "ಆಗತ್ತೆ ಸಾರ್ ಬಂದ್ರಾ?", "ಆಗತ್ತೆ ಸಾರ್‌ಗೆ ಫೋನ್ ಮಾಡಿ" ಎಂದು ಮಾತಾಡಿಕೊಳ್ಳುವಷ್ಟು.

ಆಮೇಲೆ ಯಜಮಾನರು ಬ್ಯಾಂಕಿನಿಂದ ದೊಡ್ಡ ಸಾಲ ಮಾಡಿ ಫೋಮಿನ ಹೊಸ ಯಂತ್ರ ತರಿಸಿದರು. ಬ್ಯಾಂಕಿನ ಷರತ್ತು ಹತ್ತು ಪುಟವಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇಷ್ಟೇ: ವರ್ಷಕ್ಕೆ ಮೂವತ್ತು ಸಾವಿರ ಹಾಸಿಗೆಯ ವ್ಯಾಪಾರ ಆಗಬೇಕು, ಕಡಿಮೆಯಾದರೆ ಸಾಲವನ್ನು ಒಂದೇ ಸಲಕ್ಕೆ ಕಟ್ಟಬೇಕು. ಮೊದಲ ವರ್ಷವೇ ಹಾಸ್ಟೆಲೊಂದರ ದೊಡ್ಡ ಆರ್ಡರು ಕೈತಪ್ಪಿತು. ವರ್ಷದ ಲೆಕ್ಕ ಮುಗಿಯುವ ದಿನ ಆರು ನೂರ ನಲವತ್ತು ಹಾಸಿಗೆ ಕಡಿಮೆ.

ಆಗತ್ತೆ ಸಾರ್ ಎರಡು ಲೋಟ ಚಹಾ ಹಿಡಿದು ನನ್ನ ಮೇಜಿಗೆ ಬಂದ.

"ಮೇಡಂ, ನಮ್ಮ ಭಾವಮೈದುನನ ಅಂಗಡಿಗೆ ಹತ್ತು ದಿನದಲ್ಲಿ ಹೋಗೋ ಮಾಲೇ ಇದು. ಬಿಲ್ಲಿನ ತಾರೀಕು ಮಾತ್ರ ಹತ್ತು ದಿನ ಮುಂಚೆ ಹಾಕೋದು. ಇದು ಸುಳ್ಳಾ?"

"ಸುಳ್ಳಲ್ದೆ ಇನ್ನೇನು?"

"ಅವಸರ ಅನ್ನಿ." ಅವನು ನಕ್ಕ. "ಸಾಲ ವಾಪಸ್ ಕೇಳಿದ್ರೆ ಮೊದಲು ಮನೆಗೆ ಹೋಗೋದು ಹೊಲಿಗೆ ಸಾಲಿನವರು. ಕೆಳಗೆ ಹೋಗಿ ಅವರಿಗೆ ನೀವೇ ಹೇಳ್ತೀರಾ?"

ಕಿಟಕಿಯಿಂದ ನೋಡಿದೆ. ಹೊಲಿಗೆಯ ಹೆಂಗಸರು ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತ ಯಾವುದಕ್ಕೋ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನ್ನ ಕಣ್ಣಿಗೆ ಆ ಹೊತ್ತಿನಲ್ಲಿ ನಾನೇ ಬಹಳ ದೊಡ್ಡವಳಾಗಿ ಕಂಡೆ. ನೂರ ನಲವತ್ತು ಮನೆಯ ಒಲೆ ಆರದಂತೆ ಕಾಯುವವಳು. ಬಿಲ್ಲು ಬರೆದೆ.

ಇನ್ನೊಂದು ಮಾತನ್ನೂ ಹೇಳಬೇಕು. ವರ್ಷದ ಗುರಿ ಮುಟ್ಟಿದರೆ ಮೇಲಿನ ಆರು ಜನರಿಗೆ ಬೋನಸ್ ಇತ್ತು. ಆ ಆರರಲ್ಲಿ ನಾನೂ ಒಬ್ಬಳು. ಆ ದುಡ್ಡಿನಲ್ಲಿ ಮಗಳ ಕಾಲೇಜಿನ ಮೊದಲ ಕಂತು ಕಟ್ಟಿದೆವು. ಇದನ್ನು ಮುಚ್ಚಿಟ್ಟು ಬರೀ ಬೇರೆಯವರ ಒಲೆಯ ಮಾತಾಡಿದರೆ ಇದೂ ಇನ್ನೊಂದು ಸುಳ್ಳು ಲೆಕ್ಕವಾಗುತ್ತದೆ.

ಯಾರೂ ಹಿಡಿಯಲಿಲ್ಲ. ಹಿಡಿಯುವುದಾದರೂ ಹೇಗೆ? ಬಿಲ್ಲು ಬರೆಯುವವಳೂ ನಾನೇ, ಅದಕ್ಕೆ ಒಪ್ಪಿಗೆ ಕೊಡುವವಳೂ ನಾನೇ, ಕೊನೆಗೆ ತಾಳೆ ನೋಡುವವಳೂ ನಾನೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಯಜಮಾನರು "ನಿನ್ನ ಅಕ್ಷರ ಕಂಡ್ರೆ ಸಾಕಮ್ಮ, ನಾನು ಓದೋದೇ ಇಲ್ಲ" ಎಂದು ಸಹಿ ಹಾಕುತ್ತಿದ್ದರು. ಹೊರಗಿನಿಂದ ಬರುತ್ತಿದ್ದ ಆಡಿಟರು ವಯಸ್ಸಾದವರು. "ಈ ಮೇಡಂ ಪುಸ್ತಕ ಅಂದ್ರೆ ನನಗೆ ರಜಾ ಇದ್ದ ಹಾಗೆ" ಎನ್ನುತ್ತ ಸಕ್ಕರೆ ಇಲ್ಲದ ಚಹಾ ಕುಡಿದು ಹೋಗುತ್ತಿದ್ದರು. ಹದಿನಾರು ವರ್ಷ ನೆಟ್ಟಗೆ ನಡೆದು ಗಳಿಸಿದ ಹೆಸರು, ಹದಿನೇಳನೇ ವರ್ಷ ಅಡ್ಡದಾರಿಗೆ ಪರದೆಯಾಯಿತು.

ಭಾವಮೈದುನನ ಅಂಗಡಿಯಲ್ಲಿ ಅಷ್ಟು ಹಾಸಿಗೆ ಹೋಗಲಿಲ್ಲ. ಹಾಸಿಗೆ ಎಂದರೆ ಉಂಗುರವಲ್ಲ, ಕಿಸೆಯಲ್ಲಿ ಬಚ್ಚಿಡಲು. ಊರಾಚೆ ಮುಚ್ಚಿಹೋಗಿದ್ದ ಒಂದು ಟಾಕೀಸನ್ನು ಬಾಡಿಗೆಗೆ ಹಿಡಿದು, ಲಾರಿಯಲ್ಲಿ ಅಲ್ಲಿಗೆ ಸಾಗಿಸಿದರು. ಮಾರಿದ್ದೇವೆ ಎಂದು ಪುಸ್ತಕದಲ್ಲಿ ಬರೆದ ಹಾಸಿಗೆಗಳು ಕತ್ತಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಎರಡನೇ ವರ್ಷ ಹಿಂದಿನ ವರ್ಷದ ಆರು ನೂರ ನಲವತ್ತನ್ನು ತುಂಬಿಸಬೇಕಿತ್ತು, ಹೊಸ ಕೊರತೆಯನ್ನೂ ತುಂಬಿಸಬೇಕಿತ್ತು. ಸಾವಿರದೈನೂರು. ಟಾಕೀಸು ತುಂಬಿತು. ಮೂರನೇ ವರ್ಷ ಎರಡು ಸಾವಿರದ ಆರು ನೂರು ಕಡಿಮೆ ಬಿತ್ತು. ಇನ್ನು ಇಡಲು ಜಾಗವಿರಲಿಲ್ಲ.

ಆಗ ಆಗತ್ತೆ ಸಾರ್ ಹೇಳಿದ: "ಮಾಲು ಗೋದಾಮಿನಲ್ಲೇ ಇರ್ಲಿ, ಟಾರ್ಪಾಲ್ ಮುಚ್ಚಿಸೋಣ. ಹೋಗಿದೆ ಅಂತ ಚೀಟಿಗೆ ಸಹಿ ಹಾಕಿಸಿಬಿಟ್ರೆ ಆಯ್ತು."

ಆ ಸಹಿ ಹಾಕಬೇಕಾದವರು ಗೋದಾಮಿನಕ್ಕ. ಯಾವ ಮಾಲು ಹೊರಗೆ ಹೋದರೂ ಅವರ ಸಹಿಯಿಲ್ಲದೆ ಬಿಲ್ಲು ಪೂರ್ತಿಯಾಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದ್ದರು. ಗಂಡ ತೀರಿಕೊಂಡಿದ್ದ, ಅವರ ಸಂಬಳದ ಮೇಲೆ ಮನೆಯಲ್ಲಿ ನಾಲ್ಕು ಜನ ಉಣ್ಣುತ್ತಿದ್ದರು. ಮರದ ಪೆಟ್ಟಿಗೆಯ ಮೇಲೆ ಹೊಲಿಗೆ ಕೆಟ್ಟ ಹಾಸಿಗೆಯ ತುಂಡೊಂದನ್ನು ಹಾಕಿಕೊಂಡು ಅದರ ಮೇಲೆ ಕೂತಿರುತ್ತಿದ್ದರು. "ಯಜಮಾನರ ಕುರ್ಚಿಗಿಂತ ನಂದೇ ಮೆತ್ತಗಿದೆ" ಎಂದು ಎಲ್ಲರಿಗೂ ಕೊಚ್ಚಿಕೊಳ್ಳುತ್ತಿದ್ದರು.

ವರ್ಷದ ಲೆಕ್ಕ ಮುಗಿಯಲು ಮೂರು ದಿನವಿತ್ತು. ಮಧ್ಯಾಹ್ನದ ಊಟ ಮುಗಿದ ಮೇಲೆ ನಾನು ಮತ್ತು ಆಗತ್ತೆ ಸಾರ್ ಇಪ್ಪತ್ತಾರು ಚೀಟಿ ಹಿಡಿದು ಗೋದಾಮಿಗೆ ಹೋದೆವು. ಒಂದೊಂದು ಚೀಟಿಯಲ್ಲಿ ನೂರು ಹಾಸಿಗೆ. ಅಕ್ಕ ಕನ್ನಡಕ ಹಾಕಿಕೊಂಡು ಮೊದಲ ಚೀಟಿ ಓದಿದರು. ಎದ್ದು ನಿಂತು ಗೇಟಿನತ್ತ ನೋಡಿದರು.

"ಲಾರಿ ಎಲ್ಲಿ?"

"ಲಾರಿ ಆಮೇಲೆ ಬರತ್ತೆ," ಎಂದ ಆಗತ್ತೆ ಸಾರ್.

"ಹಂಗಾದ್ರೆ ಸಹಿನೂ ಆಮೇಲೆ ಬರತ್ತೆ."

"ಬರೀ ಒಂದು ಸಹಿ ಅಕ್ಕಾ. ಮೇಡಮ್ಮೇ ಹೇಳ್ತಿದಾರಲ್ಲ."

ಅಕ್ಕ ನನ್ನ ಮುಖ ನೋಡಿದರು. ನಾನು ಚೀಟಿಗಳ ಅಂಚನ್ನು ಸರಿಮಾಡುತ್ತಿದ್ದೆ. "ಮೇಡಂ, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಾವು ಹಾಸಿಗೆ ಮಾಡೋರೇ ಅದನ್ನ ಮರೆತ್ರೆ ಹೆಂಗೆ?"

ಆಗತ್ತೆ ಸಾರ್‌ಗೆ ನಗು ಬರಲಿಲ್ಲ. "ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ನಿಮಗೆ?"

"ಮೂರು. ತಿಂಗಳ ಲೆಕ್ಕದಲ್ಲಿ ಬೇಕಾ?"

"ಯೋಚ್ನೆ ಮಾಡಿ ಅಕ್ಕಾ. ಮೂರು ವರ್ಷ ಮೂರು ದಿನ ಆಗೋಕೆ ಹೊತ್ತು ಬೇಡ," ಎಂದು ಅವನು ದುಡುದುಡು ಹೊರಟುಹೋದ.

ನಾನೂ ಹೊರಟೆ. "ನೀನು ಕೂತ್ಕೋ ತಂಗೀ," ಎಂದರು ಅಕ್ಕ. ನಾಲ್ಕು ಜನರ ಮುಂದೆ ಅವರಿಗೆ ನಾನು ಮೇಡಂ. ಇಬ್ಬರೇ ಇದ್ದಾಗ ತಂಗಿ. ತಮ್ಮ ಮೆತ್ತನೆ ಪೆಟ್ಟಿಗೆಯನ್ನೇ ನನಗೆ ಬಿಟ್ಟುಕೊಟ್ಟು, ತಾವು ಹಾಸಿಗೆಯ ಅಟ್ಟಿಗೆ ಒರಗಿ ನಿಂತರು. ಮೇಜಿನ ಡ್ರಾಯರಿನಿಂದ ಒಂದು ಚಿಕ್ಕ ನೋಟ್‌ಬುಕ್ ತೆಗೆದು ನನ್ನ ತೊಡೆಯ ಮೇಲಿಟ್ಟರು.

ಲಾರಿ ಹೋದ ಹೊತ್ತು, ಬಂದ ಹೊತ್ತು. ಪೆನ್ಸಿಲಿನಲ್ಲಿ ಎರಡು ವರ್ಷದ್ದು ಬರೆದಿತ್ತು.

"ಅವರ ಭಾವಮೈದುನನ ಅಂಗಡಿ ಇರೋ ಊರಿಗೆ ಹೋಗೋಕೇ ಐದು ಗಂಟೆ ಬೇಕು," ಎಂದರು. "ಈ ಲಾರಿಗಳು ಐವತ್ತು ನಿಮಿಷಕ್ಕೆ ವಾಪಸ್ ಬಂದಿವೆ. ಅಷ್ಟರಲ್ಲಿ ಹೋಗಿ ಇಳಿಸಿ ಬರೋ ಊರು ಯಾವುದು ಹೇಳು?"

ನಾನು ನೋಟ್‌ಬುಕ್ ಮುಚ್ಚಿದೆ. "ಗೊತ್ತಿದ್ದೂ ಯಾಕೆ ಸುಮ್ನಿದ್ರಿ ಅಕ್ಕಾ?"

"ಹೆದರಿಕೆ ಕಣೆ. ಮನೇಲಿ ನಾಲ್ಕು ಬಾಯಿ. ಮಾಲು ಗೇಟು ದಾಟಿದ್ದಂತೂ ನಿಜ ತಾನೆ, ಮುಂದಿಂದು ನನಗ್ಯಾಕೆ ಅಂತ ನಂಗೆ ನಾನೇ ಹೇಳ್ಕೊಂಡೆ. ನೀನೂ ನಿಂಗೆ ಏನೋ ಹೇಳ್ಕೊಂಡಿರ್ತೀಯಲ್ಲ, ಹಂಗೆ." ಒರಗಿದ್ದ ಅಟ್ಟಿಯನ್ನು ತಟ್ಟಿದರು. "ಇವತ್ತು ಮಾಲು ಕಣ್ಣೆದುರಿಗೇ ಇದೆ. ಇದನ್ನ ಹೋಗಿದೆ ಅಂತ ಬರೆದ್ರೆ ನಂಗೆ ಹೇಳ್ಕೊಳ್ಳೋಕೆ ಏನೂ ಉಳಿಯಲ್ಲ."

ನಾನು ಅಳಲು ಶುರುಮಾಡಿದೆ. ಮೂರು ವರ್ಷದಲ್ಲಿ ಅತ್ತಿದ್ದು ಅದೇ ಮೊದಲು. ಅಕ್ಕ ಕೈಗೆ ಸಿಕ್ಕ ಬಟ್ಟೆ ಕೊಟ್ಟರು. ಅದು ಹಾಸಿಗೆಯ ಧೂಳು ಒರೆಸುವ ಬಟ್ಟೆ. ಕಣ್ಣೊರೆಸಿಕೊಂಡರೆ ಫೋಮಿನ ಪುಡಿಯೆಲ್ಲ ಮುಖಕ್ಕೆ ಮೆತ್ತಿಕೊಂಡಿತು. ಅಕ್ಕ ನೋಡಿ ನಕ್ಕುಬಿಟ್ಟರು. ನನಗೂ ಅಳುತ್ತಲೇ ನಗು ಬಂತು.

"ನಾನು ಯಾರ ಹತ್ರನೂ ಚಾಡಿ ಹೇಳಲ್ಲ," ಎಂದರು. "ಹೇಳಬೇಕಾದವಳು ನೀನು. ಒಬ್ಬಳೇ ಹೋಗೋಕೆ ಭಯ ಆದ್ರೆ ಕರಿ, ಬರ್ತೀನಿ."

ಅವರು ಬೈದಿದ್ದರೆ ನಾನು ವಾದ ಮಾಡುತ್ತಿದ್ದೆ. ಸಹಿ ಹಾಕಿದ್ದರೆ ನಾಲ್ಕನೇ ವರ್ಷಕ್ಕೆ ಹೋಗುತ್ತಿದ್ದೆ. ಬ್ಯಾಂಕಿಗೆ ದೂರು ಕೊಟ್ಟಿದ್ದರೆ ಕೈಕೋಳ ಬೀಳುತ್ತಿತ್ತು. ಅವರು ಬರ್ತೀನಿ ಎಂದರು.

ಸಂಜೆ ಗಂಡನಿಗೆ ಹೇಳಿದೆ. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಹಿತ್ತಲ ನಲ್ಲಿಯಲ್ಲಿ ಕೈಯ ಗ್ರೀಸ್ ತೊಳೆಯುತ್ತಿದ್ದರು. ನಾನು ಹೇಳುತ್ತಲೇ ಹೋದೆ, ಅವರು ತೊಳೆಯುತ್ತಲೇ ಇದ್ದರು. ಗ್ರೀಸ್ ಹೋಗಿ ಎಷ್ಟೋ ಹೊತ್ತಾಗಿತ್ತು.

"ಎಂಜಿನ್ನಲ್ಲಿ ಸದ್ದು ಬಂದ್ರೆ ರೇಡಿಯೋ ಜೋರು ಮಾಡ್ಕೊಂಡು ಓಡಿಸೋ ಡ್ರೈವರ್‌ಗಳಿದಾರೆ," ಎಂದರು ಕೊನೆಗೆ. "ನೀನು ಮೂರು ವರ್ಷ ಅದೇ ಮಾಡಿದೀಯ."

"ಹೂಂ."

"ಜೈಲು ಆಗತ್ತಾ?"

"ಗೊತ್ತಿಲ್ಲ."

"ಬೋನಸ್ ಎರಡು ವರ್ಷದ್ದು ಬಂದಿದ್ದಲ್ವಾ? ಮೊದಲು ಅದನ್ನ ವಾಪಸ್ ಕೊಡೋಣ. ಬೈಕು ಮಾರಿದ್ರೆ ಅರ್ಧ ಬರತ್ತೆ. ಉಳಿದಿದ್ದು ನೋಡೋಣ." ನಲ್ಲಿ ನಿಲ್ಲಿಸಿದರು. "ನಂಗ್ಯಾಕೆ ಹೇಳ್ಲಿಲ್ಲ ಅಂತ ಆಮೇಲೆ ಜಗಳ ಆಡ್ತೀನಿ. ಈಗಲ್ಲ."

ಆ ಜಗಳವನ್ನು ಅವರು ಇವತ್ತಿನವರೆಗೂ ಆಡಿಲ್ಲ. ಬಾಕಿ ಇಟ್ಟಿದ್ದಾರೆ.

ಮರುದಿನ ಹತ್ತು ಗಂಟೆಗೆ ಅಕ್ಕನೂ ನಾನೂ ಯಜಮಾನರ ಕೋಣೆಗೆ ಹೋದೆವು. ಇಪ್ಪತ್ತೆರಡು ವರ್ಷದಲ್ಲಿ ಅಕ್ಕ ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಬಾಗಿಲ ಮುಂದೆ ನಿಂತು ತಲೆಯ ಪುಡಿ ಕೊಡವಿಕೊಂಡರು, ನನ್ನದನ್ನೂ ಕೊಡವಿದರು.

ನಾನು ಹೇಳಿದೆ. ಮೊದಲು ಯಜಮಾನರು ನಕ್ಕರು, ಏನೋ ತಮಾಷೆ ಎಂದುಕೊಂಡು. ಆಮೇಲೆ ಮುಖ ಕೆಂಪಾಯಿತು. "ಅನ್ನ ಹಾಕಿದ ಮನೆಗೇ ಕನ್ನ ಹಾಕಿದ್ಯಾ? ಹೊರಗೆ ಹೋಗಿ, ಇಬ್ಬರೂ!" ಕೆಳಗಿನ ಹೊಲಿಗೆ ಯಂತ್ರಗಳ ಸದ್ದು ಒಂದು ಕ್ಷಣ ನಿಂತಂತಾಯಿತು.

ನಾನು ಬಾಗಿಲತ್ತ ತಿರುಗಿದೆ. ಅಕ್ಕ ಗಲಿಬಿಲಿಗೊಳ್ಳಲಿಲ್ಲ. "ಹೋಗ್ತೀವಿ ಸಾರ್. ನಮ್ಮನ್ನ ನಂಬೋದು ಬೇಡ. ಒಂದ್ಸಲ ಆ ಟಾಕೀಸಿನ ಬೀಗ ತೆಗೆದು ನೋಡಿ ಬನ್ನಿ."

ನನ್ನ ಹತ್ತಿರವಿದ್ದ ಟಾಕೀಸಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಇಬ್ಬರೂ ಇಳಿದು ಬಂದೆವು. ನಾನು ನನ್ನ ಮೇಜಿನ ಸಾಮಾನನ್ನು ಒಂದು ಚೀಲಕ್ಕೆ ತುಂಬಿಕೊಂಡು ಮನೆಗೆ ಹೋದೆ.

ಅದರ ಮರುದಿನ ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿದ ಸದ್ದು. ತೆಗೆದರೆ ಯಜಮಾನರು. ಕಾಲಲ್ಲಿ ಮನೆಯ ಹವಾಯಿ ಚಪ್ಪಲಿ, ಕ್ಷೌರವಿಲ್ಲದ ಮುಖ. ನಮ್ಮ ಮನೆಗೆ ಅವರು ಯಾವತ್ತೂ ಬಂದವರಲ್ಲ. ಗಂಡ ಕುರ್ಚಿ ಹಾಕಿದರು. ಯಜಮಾನರು ನೀರು ಕೇಳಿ ಕುಡಿದರು.

"ನೋಡ್ಕೊಂಡು ಬಂದೆ," ಎಂದರು. "ಪರದೆ ತನಕ ತುಂಬಿದೆ. ಕೆಳಗಿನವಕ್ಕೆಲ್ಲ ಬೂಷ್ಟು ಹಿಡಿದಿದೆ. ನಾನು ಮಾಡಿಸಿದ ಹಾಸಿಗೆ." ಬೆರಳುಗಳನ್ನು ನೋಡಿಕೊಂಡರು. "ಯಾಕಮ್ಮಾ, ನಂಗೆ ಒಂದು ಮಾತು ಹೇಳ್ಬಾರದಿತ್ತಾ?"

ಬಾಗಿಲ ಬಳಿ ನಿಂತಿದ್ದ ನನ್ನ ಗಂಡ, ಕಾರ್ಖಾನೆಯ ಹಂಗಿಲ್ಲದವರು, ಮೆಲ್ಲಗೆ ಕೇಳಿದರು: "ಹೇಳಿದ್ರೆ ಇವಳ ಕುರ್ಚಿ ಇರ್ತಿತ್ತಾ ಸಾರ್?"

ಯಜಮಾನರು ಖಾಲಿ ಲೋಟವನ್ನು ನೆಲದ ಮೇಲಿಟ್ಟರು.

"ಇರ್ತಿರಲಿಲ್ಲ," ಎಂದರು. ಆಮೇಲೆ ಎದ್ದರು. "ಬಾರಮ್ಮ. ಪುಸ್ತಕ ಎಲ್ಲ ತಗೋ. ಬ್ಯಾಂಕಿನೋರು ಬಂದು ಹಿಡಿಯೋಕೆ ಮುಂಚೆ ನಾವೇ ಹೋಗಿ ಹೇಳೋಣ."

ಬ್ಯಾಂಕಿನ ಅಧಿಕಾರಿ ನನ್ನದೇ ವಯಸ್ಸಿನ ಹೆಂಗಸು. ಅವತ್ತು ಅವರಿಗೆ ನೆಗಡಿಯಾಗಿತ್ತು. ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ಒಂದೂವರೆ ಗಂಟೆ ಕೇಳಿಸಿಕೊಂಡರು. ಯಜಮಾನರು ಒಂದು ಮಾತನ್ನೂ ನನ್ನ ಮೇಲೆ ಹಾಕಲಿಲ್ಲ. "ನನಗೆ ಕೆಟ್ಟ ಸುದ್ದಿ ಯಾರೂ ಹೇಳದ ಹಾಗೆ ಮಾಡಿಕೊಂಡವನು ನಾನೇ" ಎಂದರು. ಅವರು ಅಂಥ ವಾಕ್ಯ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಹದಿನೆಂಟು ವರ್ಷ ಆಯ್ತು ನನ್ನ ಸರ್ವೀಸು," ಎಂದರು ಅಧಿಕಾರಿ. "ಇಷ್ಟು ದೊಡ್ಡ ತಪ್ಪು ಮಾಡಿ ತಾವಾಗೇ ಬಂದು ಈ ಕುರ್ಚಿಯಲ್ಲಿ ಕೂತವರು ನೀವೇ ಮೊದಲು. ಹಾಗಂತ ಬಿಡೋಕಾಗಲ್ಲ. ಆದ್ರೆ ಬಂದಿದೀರಿ ಅಂತ ಬರ್ಕೊಳ್ತೀನಿ."

ಅವರು ಬರೆದುಕೊಂಡದ್ದು ನಮ್ಮನ್ನು ಉಳಿಸಿತು. ವಿಚಾರಣೆ ಎಂಟು ತಿಂಗಳು ನಡೆಯಿತು. ಸುಳ್ಳು ಮಾರಾಟದ ಮೇಲೂ ಆಗತ್ತೆ ಸಾರ್ ಕಮಿಷನ್ ತೆಗೆದುಕೊಂಡಿದ್ದು, ಅದರಲ್ಲಿ ಭಾವಮೈದುನನಿಗೂ ಪಾಲು ಹೋಗಿದ್ದು ಆಗ ಹೊರಬಿತ್ತು. ಅವರಿಬ್ಬರ ಮೇಲೆ ಬೇರೆ ಮೊಕದ್ದಮೆ ಆಯಿತು. ಹೊಸ ಯಂತ್ರವನ್ನು ಮಾರಿ ಸಾಲದ ಭಾಗ ತೀರಿಸಿದರು, ಉಳಿದದ್ದಕ್ಕೆ ಬ್ಯಾಂಕು ಗಡುವು ಕೊಟ್ಟಿತು. ಯಜಮಾನರಿಗೆ ದಂಡ ಬಿತ್ತು. ತಿಂಗಳ ಸಭೆಯಲ್ಲಿ ಬ್ಯಾಂಕಿನ ಒಬ್ಬರು ಬಂದು ಕೂರುವ ಹಾಗಾಯಿತು. ಬಿಲ್ಲು ಬರೆಯುವವರು ಒಬ್ಬರು, ಒಪ್ಪಿಗೆ ಕೊಡುವವರು ಇನ್ನೊಬ್ಬರು ಎಂದಾಯಿತು. ಟಾಕೀಸಿನಲ್ಲಿ ಚೆನ್ನಾಗಿ ಉಳಿದಿದ್ದ ಹಾಸಿಗೆಗಳನ್ನು ಅರ್ಧ ಬೆಲೆಗೆ ಆಸ್ಪತ್ರೆಗಳಿಗೆ, ಹಾಸ್ಟೆಲ್ಲುಗಳಿಗೆ ಕೊಟ್ಟರು.

ಮೂವತ್ತೊಂದು ಜನರ ಕೆಲಸ ಹೋಯಿತು. ಯಾರ ಒಲೆ ಕಾಯುತ್ತೇನೆಂದು ಹೊರಟಿದ್ದೆನೋ ಅವರದೇ. ಮೊದಲ ವರ್ಷವೇ ನಿಜ ಹೇಳಿದ್ದರೆ ಇಷ್ಟು ಜನ ಹೋಗುತ್ತಿರಲಿಲ್ಲ ಎಂದು ವಿಚಾರಣಾ ಮಂಡಳಿಯವರು ವರದಿಯಲ್ಲಿ ಬರೆದಿದ್ದಾರೆ. ಅದು ಸರಿ. ಅವರಲ್ಲಿ ಬಹಳ ಜನ ಬೇರೆ ಕಡೆ ಸೇರಿಕೊಂಡರು. ಒಬ್ಬಾಕೆ ಮಾತ್ರ ಈಗಲೂ ಬಸ್ಸಿನಲ್ಲಿ ನನ್ನನ್ನು ಕಂಡರೆ ಕಿಟಕಿಯತ್ತ ತಿರುಗುತ್ತಾಳೆ. ನಾನು ಅವಳ ಹಿಂದಿನ ಸೀಟಿನಲ್ಲಿ ಕೂತು ನನ್ನ ಸ್ಟಾಪಿನಲ್ಲಿ ಇಳಿಯುತ್ತೇನೆ.

ಆಡಿಟರಿಗೂ ಛೀಮಾರಿ ಬಂತು. ಕ್ಷಮೆ ಕೇಳಲು ಹೋದಾಗ ಅವರು ಬಾಗಿಲು ಹಾಕಲಿಲ್ಲ, ಒಳಗೆ ಕರೆದು ಕೂರಿಸಿದರು. "ನಿನ್ನ ನಂಬಿದ್ದು ತಪ್ಪಲ್ಲಮ್ಮ," ಎಂದರು. "ನಂಬಿ, ನೋಡದೇ ಇದ್ದದ್ದು ತಪ್ಪು. ಅದು ನಂದು."

ನನಗೆ ಜೈಲಾಗಲಿಲ್ಲ. ದಂಡ ಕಟ್ಟಿದೆ, ಬೋನಸ್ ಪೂರ್ತಿ ವಾಪಸು ಕೊಟ್ಟೆ. ಐದು ವರ್ಷ ಯಾವ ಕಂಪನಿಯ ಲೆಕ್ಕಕ್ಕೂ ಸಹಿ ಹಾಕುವ ಹಾಗಿಲ್ಲ ಎಂದು ಆದೇಶ ಬಂತು. ಮಗಳು ಒಂದು ವರ್ಷ ಓದು ನಿಲ್ಲಿಸಿ ಕೆಲಸ ಮಾಡಿ, ಆಮೇಲೆ ಮತ್ತೆ ಸೇರಿದಳು; ಆ ಒಂದು ವರ್ಷದ ಬಗ್ಗೆ ಅವಳು ಚುಚ್ಚಿ ಮಾತಾಡಿದ್ದಿಲ್ಲ. ಮುಖ್ಯರಸ್ತೆಯ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ನನಗೆ ಬಿಲ್ಲು ಬರೆಯುವ ಕೆಲಸ ಸಿಕ್ಕಿತು. ಪತ್ರಿಕೆಯ ಸುದ್ದಿಯನ್ನು ಅಂಗಡಿಯ ಒಡತಿಗೆ ನಾನೇ ತೋರಿಸಿದ್ದೆ. ಆಕೆ ಓದಿ, ಮಡಚಿ ಕೊಟ್ಟು, "ಸಂಜೆ ಗಲ್ಲಾ ಎಣಿಸೋವಾಗ ನಾನೂ ಪಕ್ಕದಲ್ಲಿ ಕೂತಿರ್ತೀನಿ. ಬೇಜಾರಿಲ್ಲ ತಾನೆ?" ಎಂದರು. ಬೇಜಾರೇ? ನನಗೆ ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು.

ಈ ದಿನಗಳಲ್ಲಿ ನನ್ನ ಕೈಗೆ ಬಂದಿದ್ದನ್ನು ಕೂಡಿಸಿದರೆ ಕಳೆದುಕೊಂಡಿದ್ದಕ್ಕಿಂತ ಹೆಚ್ಚೇ ಇದೆ. ಫೋನ್ ರಿಂಗಾದರೆ ಎದೆ ಝಲ್ ಎನ್ನುವುದಿಲ್ಲ. ಯಾರಾದರೂ "ಒಂದು ಮಾತು ಕೇಳಬೇಕಿತ್ತು" ಎಂದರೆ ಮೊದಲೇ ಉತ್ತರ ಕಟ್ಟಿಕೊಳ್ಳುವ ಕೆಲಸವಿಲ್ಲ. ಇದೆಲ್ಲ ನನ್ನ ಧೈರ್ಯದಿಂದ ಬಂದಿದ್ದಲ್ಲ. ಧೈರ್ಯ ಇದ್ದದ್ದು ಗೋದಾಮಿನಲ್ಲಿ.

ಅಕ್ಕ ಅಲ್ಲೇ ಮುಂದುವರಿದರು. ಆಗಾಗ ಅಂಗಡಿಗೆ ಬಂದು ಕಾರ್ಖಾನೆಯ ಸುದ್ದಿ ಹೇಳುತ್ತಿದ್ದರು. "ಯಜಮಾನರು ಈಗ ಮೀಟಿಂಗ್ ಶುರು ಮಾಡೋದೇ, ಏನೇನು ಕೆಟ್ಟಿದೆ ಮೊದಲು ಹೇಳಿ ಅಂತ. ಜನ ಎಷ್ಟು ಹೇಳ್ತಾರೆ ಅಂದ್ರೆ ಪಾಪ, ಊಟಕ್ಕೇ ಏಳೋಕಾಗಲ್ಲ ಅವರಿಗೆ."

ಮೂರು ವರ್ಷ ಕಳೆದು ಅವರು ನಿವೃತ್ತರಾದರು. ಅದರ ಮರುವಾರ ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿ ಕಡಿಮೆ ಇದ್ದ ಹೊತ್ತಿಗೆ, ಒಂದು ಉದ್ದನೆಯ ಲಕೋಟೆ ಹಿಡಿದು ಬಂದರು. ಇಪ್ಪತ್ತೈದು ವರ್ಷದ ಬಾಬ್ತು ಕಾರ್ಖಾನೆ ಅವರಿಗೆ ಕೊಡಬೇಕಾದ ಒಟ್ಟು ಹಣದ ಲೆಕ್ಕ ಅದರಲ್ಲಿತ್ತು. ಎರಡು ಹಾಳೆ, ಮೂವತ್ತು ಸಾಲು.

"ಸರಿ ಇದೆಯಾ ನೋಡಿ ಹೇಳು ತಂಗೀ. ನೀನು ಸರಿ ಅಂದ್ರೆ ಹೋಗಿ ಸಹಿ ಹಾಕಿ ಬರ್ತೀನಿ."

ನನ್ನ ಸಹಿಗೆ ಸರ್ಕಾರದ ಕಣ್ಣಲ್ಲಿ ಆಗ ಬೆಲೆಯಿರಲಿಲ್ಲ. ಅಕ್ಕ ತಮ್ಮ ಜೀವಮಾನದ ದುಡ್ಡಿನ ಲೆಕ್ಕ ತಂದು ನನ್ನ ಮುಂದಿಟ್ಟಿದ್ದರು. ಹಾಳೆಯ ಸಾಲುಗಳು ಕೆಲ ಹೊತ್ತು ಸರಿಯಾಗಿ ಕಾಣಲಿಲ್ಲ. ಎರಡು ಸಲ ಕೂಡಿಸಿದೆ. ಸರಿಯಿತ್ತು.

"ಸರಿ ಇದೆ ಅಕ್ಕಾ. ಆದ್ರೆ ನೀವೂ ಒಂದ್ಸಲ ಕೂಡಿಸಿ ನೋಡಿ."

"ನೀನು ನೋಡಿದ ಮೇಲೆ ಮತ್ತೆ ನಾನ್ಯಾಕೆ?"

"ಅದಕ್ಕೇ. ಕೂಡಿಸಿ."

ಪೆನ್ಸಿಲ್ ಕೊಟ್ಟೆ. ಅವರು ಗೊಣಗುತ್ತ ಸಿಮೆಂಟ್ ಚೀಲದ ಮೇಲೆ ಕೂತು, ಕನ್ನಡಕ ಏರಿಸಿಕೊಂಡು, ತುಟಿ ಅಲ್ಲಾಡಿಸುತ್ತ ಶುರುಮಾಡಿದರು. ಮೊದಲ ಸಲ ಬೇರೆಯೇ ಮೊತ್ತ ಬಂತು. ಎರಡನೇ ಸಲ ಇನ್ನೊಂದು ಬಂತು. "ಅಯ್ಯೋ, ಕೈಲಿ ಎರಡು ಅನ್ನೋದನ್ನ ಬಿಟ್ಟೇಬಿಟ್ಟಿದೀನಿ ಕಣೆ" ಎಂದು ತಲೆ ಚಚ್ಚಿಕೊಂಡು ಮತ್ತೆ ಮೇಲಿಂದ ಹಿಡಿದರು. ಮುಕ್ಕಾಲು ಗಂಟೆ ಹಿಡಿಯಿತು. ಮೂರನೇ ಸಲ ಇಬ್ಬರ ಉತ್ತರವೂ ಒಂದೇ ಬಂದಾಗ ಅವರ ಮುಖ ನೋಡಬೇಕಿತ್ತು.

"ಅಕ್ಕಾ," ಎಂದೆ. "ಅವತ್ತು ಗೋದಾಮಿನಲ್ಲಿ ನೀವು—"

"ಮೊದಲು ಮೊಳೆ ತೂಗು," ಎಂದರು ಅಕ್ಕ, ಹಾಳೆ ಮಡಚಿ ಲಕೋಟೆಗೆ ಹಾಕುತ್ತ. "ಗಿರಾಕಿ ಆಗ್ಲಿಂದ ನಿಂತಿದಾನೆ."

ಬಡಗಿಯೊಬ್ಬ ನಿಜವಾಗಿಯೂ ನಿಂತಿದ್ದ. ಎರಡಿಂಚಿನ ಮೊಳೆ ಅರ್ಧ ಕೆಜಿ ತೂಗಿ ಪೊಟ್ಟಣ ಕಟ್ಟಿಕೊಟ್ಟೆ. ತಲೆಯೆತ್ತುವಷ್ಟರಲ್ಲಿ ಅಕ್ಕ ಲಕೋಟೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ರಸ್ತೆ ದಾಟುತ್ತಿದ್ದರು. ಬರುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿಯೇ ಬಿಟ್ಟರು.